ಚೆಂಡು ತಿರುಗಿಸದೆ 619 ವಿಕೆಟ್ ಹೇಗೆ? ಕುಂಬ್ಳೆ ಬೌಲಿಂಗ್ ಬಗ್ಗೆ ಒಂದು ಪ್ರಶ್ನೆ

ಹಾಸನದ ಆಫ್‌ಸ್ಟಂಪ್ ಕೇಳಿದ್ದು:

ನಮ್ಮ ತಾಲ್ಲೂಕು ತಂಡದಲ್ಲಿ 15 ವರ್ಷದ ಹುಡುಗ ಒಬ್ಬ ಇದ್ದಾನೆ. ಎತ್ತರದ ಆಳು, ಲೆಗ್ ಸ್ಪಿನ್ (ಬಲಗೈ ಬ್ಯಾಟ್ಸ್‌ಮನ್‌ನ ಕಾಲ ಕಡೆಯಿಂದ ಆಫ್ ಕಡೆಗೆ ತಿರುಗುವ ಚೆಂಡು) ಹಾಕ್ತಾನೆ, ಆದರೆ ವೇಗವಾಗಿ ಹಾಕ್ತಾನೆ. ಚೆಂಡು ಹೆಚ್ಚು ತಿರುಗಲ್ಲ. ನೋಡಿದವರೆಲ್ಲ "ಥೇಟ್ ಕುಂಬ್ಳೆ" ಅಂತಾರೆ. ಅವನ ಕೋಚ್ ಮಾತ್ರ "ಕುಂಬ್ಳೆಯನ್ನು ಮರೆತುಬಿಡು, ನಿಧಾನ ಮಾಡು, ಗಾಳಿಯಲ್ಲಿ ತೇಲಿಸು, ತಿರುಗಿಸು" ಅಂತಾರೆ. ಇಬ್ಬರ ಮಾತೂ ಕೇಳಿ ಹುಡುಗ ಗೊಂದಲಕ್ಕೆ ಬಿದ್ದಿದ್ದಾನೆ.

ನನ್ನ ಪ್ರಶ್ನೆ ಎರಡು. ಒಂದು, ತಿರುವೇ ಇಲ್ಲ ಅಂತ ಎಲ್ಲರೂ ಹೇಳುವ ಬೌಲರ್‌ಗೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಬಿದ್ದಿದ್ದು ಹೇಗೆ? ಎರಡು, 1999-2000ರ ಆಸ್ಟ್ರೇಲಿಯಾ ಪ್ರವಾಸದ 3 ಟೆಸ್ಟ್‌ಗಳಲ್ಲಿ ಅವರಿಗೆ ಸಿಕ್ಕಿದ್ದು 5 ವಿಕೆಟ್. ನಾಲ್ಕು ವರ್ಷ ಬಿಟ್ಟು ಅದೇ ದೇಶದಲ್ಲಿ, ಅಷ್ಟೇ 3 ಟೆಸ್ಟ್‌ಗಳಲ್ಲಿ 24. ನಡುವೆ ಬದಲಾಗಿದ್ದು ಏನು? "ಛಲ", "ಸಮರ್ಪಣೆ" ಅನ್ನೋ ಉತ್ತರ ಬೇಡ ದಯವಿಟ್ಟು, ಅದು ಎಲ್ಲರಿಗೂ ಗೊತ್ತು. ಕೈಯಲ್ಲಿ, ಬೆರಳಲ್ಲಿ, ಪಿಚ್ ಮೇಲೆ ಏನಾಯಿತು ಅನ್ನೋದು ಬೇಕು.

---

ಅಳತೆಪಟ್ಟಿ:

"ತಿರುಗಿಸುತ್ತಿರಲಿಲ್ಲ" ಅನ್ನೋ ಮಾತನ್ನೇ ಮೊದಲು ಅಳೆದು ನೋಡೋಣ.

ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ನಡುವಿನಿಂದ ಅಂಚಿಗೆ 5.4. ಚೆಂಡಿನ ವ್ಯಾಸ ಸುಮಾರು 7.2, ಅದರ ಅರ್ಧ 3.6. ಚೆಂಡು ನೇರ ಬರುತ್ತೆ ಅಂತ ನಂಬಿ ಬ್ಯಾಟ್ಸ್‌ಮನ್ ಬ್ಯಾಟಿನ ನಟ್ಟನಡುವೆ ಆಡಿದ ಅಂತ ಇಟ್ಟುಕೊಳ್ಳಿ. ಚೆಂಡು 5 ಸೆಂ.ಮೀ.ಗಿಂತ ಕಡಿಮೆ ಸರಿದರೆ ಬ್ಯಾಟಿಗೇ ತಗಲುತ್ತೆ. 5ರಿಂದ 9 ಸರಿದರೆ ಅಂಚು. 9 ದಾಟಿದರೆ ಬ್ಯಾಟನ್ನು ಪೂರ್ತಿ ತಪ್ಪಿಸಿ ಕೀಪರ್ ಕೈಗೆ ಹೋಗುತ್ತೆ, ಪ್ರೇಕ್ಷಕರು "ಆಹಾ" ಅಂತಾರೆ, ಸ್ಕೋರ್ ಪುಸ್ತಕದಲ್ಲಿ ಒಂದು ಚುಕ್ಕೆ ಬೀಳುತ್ತೆ, ಅಷ್ಟೆ.

ಈಗ ಕೋನ. ಚೆಂಡು ಬಿದ್ದ ಜಾಗದಿಂದ ಬ್ಯಾಟಿಗೆ 3.5 ಮೀಟರ್ ದೂರ ಇದ್ದರೆ, 1 ಡಿಗ್ರಿ ತಿರುವಿಗೆ 6 ಸೆಂ.ಮೀ. ಸರಿಯುತ್ತೆ. ಒಂದೂವರೆ ಡಿಗ್ರಿಗೆ 9. ಮೂರು ಡಿಗ್ರಿಗೆ 18. ಅಂದರೆ ವಿಕೆಟ್ ಕೊಡುವ ತಿರುವು ಒಂದರಿಂದ ಒಂದೂವರೆ ಡಿಗ್ರಿಯ ಸಣ್ಣ ಪಟ್ಟಿ. ಕುಂಬ್ಳೆ ಆ ಪಟ್ಟಿಯಲ್ಲೇ ಮನೆ ಮಾಡಿಕೊಂಡಿದ್ದರು. ದೊಡ್ಡದಾಗಿ ತಿರುಗಿಸುವವನಿಗೆ ಬೇರೆ ಲಾಭ ಇದೆ, ಇಲ್ಲ ಅನ್ನಲ್ಲ. ಅವನು ಲೆಗ್ ಸ್ಟಂಪ್ ಹೊರಗೆ ಹಾಕಿ ಆಫ್ ಸ್ಟಂಪ್ ಹಾರಿಸಬಹುದು. ಆದರೆ ಸ್ಟಂಪಿನ ನೇರಕ್ಕೆ ಹಾಕುವವನಿಗೆ ಅಷ್ಟು ತಿರುವು ಬೇಕಿಲ್ಲ. ಮೂರೂ ಸ್ಟಂಪ್ ಸೇರಿ ಅಗಲ ಇರೋದೇ 22.86 ಸೆಂ.ಮೀ.

ಈ ಲೆಕ್ಕಕ್ಕೆ ಒಂದು ಷರತ್ತು ಇದೆ, ಕುಂಬ್ಳೆಯ ಬೌಲಿಂಗ್ ನಿಂತಿರೋದೇ ಅದರ ಮೇಲೆ. ಬ್ಯಾಟ್ಸ್‌ಮನ್ ಮುಂದೆ ಕಾಲಿಟ್ಟು ಚೆಂಡು ಬಿದ್ದಲ್ಲೇ ಹಿಡಿದುಬಿಟ್ಟರೆ 3.5 ಮೀಟರ್ ಇದ್ದದ್ದು 2 ಅಥವಾ 2.5 ಆಗುತ್ತೆ, ಅಲ್ಲಿ 1 ಡಿಗ್ರಿ ತಿರುವು ಏನೂ ಮಾಡಲ್ಲ. ಹಾಗಾಗಿ ಚೆಂಡು ಸ್ವಲ್ಪ ಹಿಂದೆ ಬೀಳಬೇಕು, ಸ್ಟಂಪಿನಿಂದ ಸುಮಾರು 5 ಮೀಟರ್. ಸಾಮಾನ್ಯ ಲೆಗ್ ಸ್ಪಿನ್ನರ್ ಅಲ್ಲಿ ಹಾಕಿದರೆ ಬ್ಯಾಟ್ಸ್‌ಮನ್ ಆರಾಮಾಗಿ ಹಿಂದೆ ಸರಿದು ಕಟ್ ಮಾಡ್ತಾನೆ. ಗಂಟೆಗೆ 90 ಕಿ.ಮೀ. ಆಸುಪಾಸಿನಲ್ಲಿ ಬಂದರೆ ಹಿಂದೆ ಸರಿಯಲು ಪುರಸೊತ್ತಿಲ್ಲ. ಪಿಚ್ ಆದ ಮೇಲೆ ಚೆಂಡು ನಿಧಾನ ಆಗುತ್ತೆ ಅಂತ ಸೇರಿಸಿಕೊಂಡರೂ 3.5 ಮೀಟರ್‌ಗೆ ಸಿಗೋದು 0.2 ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಕಣ್ಣು ನೋಡಿ ಕೈ ತಿದ್ದಿಕೊಳ್ಳಲು ಮನುಷ್ಯನಿಗೆ ಹೆಚ್ಚುಕಮ್ಮಿ ಅಷ್ಟೇ ಬೇಕು. ಮುಂದೆ ಹೋದರೆ ಎಟಕಲ್ಲ, ಹಿಂದೆ ಹೋದರೆ ಸಮಯ ಇಲ್ಲ. ಆ ಎರಡರ ನಡುವೆ ಸಿಕ್ಕಿಬಿದ್ದವನ ಪ್ಯಾಡಿಗೆ ಚೆಂಡು ಬಡಿಯುತ್ತೆ. ಟೆಸ್ಟ್‌ನಲ್ಲಿ ಕುಂಬ್ಳೆ ಪಡೆದ ಎಲ್‌ಬಿಡಬ್ಲ್ಯು (ಸ್ಟಂಪಿಗೆ ಹೋಗುವ ಚೆಂಡನ್ನು ಕಾಲು ತಡೆದರೆ ಕೊಡುವ ಔಟ್) 156. ನಾಲ್ಕು ವಿಕೆಟ್‌ಗೆ ಒಂದು.

ಹಾಗಾಗಿ ಹುಡುಗನ ಕೋಚ್‌ಗೆ ನನ್ನ ಉತ್ತರ: ವೇಗ ತಪ್ಪಲ್ಲ. ವೇಗ ಇಟ್ಟುಕೊಂಡು ಉದ್ದ (ಚೆಂಡು ಬೀಳುವ ದೂರ) ತಪ್ಪಿಸಿದರೆ ತಪ್ಪು.

---

ಸ್ಕೋರರ್ ಪುಸ್ತಕ:

ಅಳತೆಪಟ್ಟಿ ಅವರ ಲೆಕ್ಕ ಸರಿ. ಆದರೆ ಪುಟಿತ (ಬೌನ್ಸ್) ಬಿಟ್ಟುಹೋಗಿದೆ. ಎತ್ತರದ ಆಳು, ತಲೆಗೆ ನೇರವಾಗಿ ಮೇಲಿಂದ ಬರುವ ಕೈ, ಮೇಲೆ ಟಾಪ್ ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತೋದು). ಇದರಿಂದ ಚೆಂಡು ನಿರೀಕ್ಷೆಗಿಂತ ಎತ್ತರಕ್ಕೆ ಏಳುತ್ತಿತ್ತು. ಬ್ಯಾಟಿನ ಪಕ್ಕದ ಅಂಚಿಗಿಂತ ಮೇಲಿನ ಭಾಗಕ್ಕೆ, ಗ್ಲೌಸ್‌ಗೆ ತಗಲಿ ಶಾರ್ಟ್ ಲೆಗ್‌ಗೆ, ಸಿಲ್ಲಿ ಪಾಯಿಂಟ್‌ಗೆ ಹೋದ ಕ್ಯಾಚ್‌ಗಳನ್ನು ನೆನಪಿಸಿಕೊಳ್ಳಿ. ಆಮೇಲೆ ಸ್ಲಿಪ್‌ನಲ್ಲಿ ದ್ರಾವಿಡ್. "ಕ್ಯಾಚ್ ದ್ರಾವಿಡ್, ಬೌಲ್ಡ್ ಕುಂಬ್ಳೆ" ಅನ್ನೋ ಸಾಲು ಟೆಸ್ಟ್ ಸ್ಕೋರ್ ಕಾರ್ಡ್‌ಗಳಲ್ಲಿ 55 ಸಲ ಇದೆ. ತಿರುವೇ ಇಲ್ಲದ ಬೌಲರ್‌ಗೆ ಸ್ಲಿಪ್‌ನಲ್ಲಿ 55 ಕ್ಯಾಚ್ ಎಲ್ಲಿಂದ ಬರುತ್ತೆ?

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಪಾಕಿಸ್ತಾನದ ಮುಂದೆ 420ರ ಗುರಿ. ಸಯೀದ್ ಅನ್ವರ್ ಮತ್ತು ಅಫ್ರಿದಿ ವಿಕೆಟ್ ಕೊಡದೆ 101 ಸೇರಿಸಿಬಿಟ್ಟಿದ್ದರು. ಊಟದ ನಂತರ ಕುಂಬ್ಳೆ ತುದಿ ಬದಲಿಸಿ ಪೆವಿಲಿಯನ್ ಕಡೆಯಿಂದ ಬಂದರು. ಅಲ್ಲಿಂದ ಪಾಕಿಸ್ತಾನ 128ಕ್ಕೆ 6, ಕೊನೆಗೆ 207ಕ್ಕೆ ಆಲೌಟ್. ಹತ್ತು ವಿಕೆಟ್ ಬಿದ್ದ ಬಗೆ ನೋಡಿ:

ಎಲ್‌ಬಿಡಬ್ಲ್ಯು 3: ಇಜಾಜ್, ಯೂಸುಫ್ ಯೋಹಾನಾ, ಸಕ್ಲೇನ್.
ಬೌಲ್ಡ್ 2: ಇಂಜಮಾಮ್, ಸಲೀಂ ಮಲಿಕ್.
ಕ್ಯಾಚ್ 5: ಅಫ್ರಿದಿ ಕೀಪರ್ ಮೊಂಗಿಯಾಗೆ, ಮೊಯಿನ್ ಗಂಗೂಲಿಗೆ, ಮುಷ್ತಾಕ್ ದ್ರಾವಿಡ್‌ಗೆ, ಅನ್ವರ್ ಮತ್ತು ವಾಸಿಂ ಅಕ್ರಂ ಇಬ್ಬರೂ ಲಕ್ಷ್ಮಣ್‌ಗೆ.

ಸಲೀಂ ಮಲಿಕ್ ಪುಲ್ ಮಾಡಲು ಹೋದ ಚೆಂಡು ಏಳದೆ ಕೆಳಗೇ ಬಂತು. ಮುಷ್ತಾಕ್‌ಗೆ ಅದೇ ಪಿಚ್‌ನಲ್ಲಿ ಚೆಂಡು ಮೇಲೆದ್ದಿತು. ಆ ಪಿಚ್ಚನ್ನು ಜನವರಿಯಲ್ಲಿ ಕಿಡಿಗೇಡಿಗಳು ಅಗೆದು ಹಾಕಿದ್ದರು. ಅದಕ್ಕೇ ದೆಹಲಿಯಲ್ಲಿ ಆಗಬೇಕಿದ್ದ ಮೊದಲ ಟೆಸ್ಟ್ ಚೆನ್ನೈಗೆ ಹೋಗಿ, ದೆಹಲಿಗೆ ಎರಡನೆಯದು ಬಂತು. ಪುಟಿತ ಏರುಪೇರಾಗುವ ಇಂಥ ಪಿಚ್‌ನಲ್ಲಿ ವೇಗವಾಗಿ ಸ್ಟಂಪಿಗೆ ಹಾಕುವವನಷ್ಟು ಅಪಾಯಕಾರಿ ಬೌಲರ್ ಇನ್ನೊಬ್ಬನಿಲ್ಲ. ನಿಧಾನದ ಸ್ಪಿನ್ನರ್ ಆದರೆ ಚೆಂಡು ಕೆಳಗೆ ಬರ್ತಿದೆ ಅಂತ ಗೊತ್ತಾಗಿ ಬ್ಯಾಟ್ ಇಳಿಸಲು ಸಮಯ ಸಿಗುತ್ತೆ.

ಇದರ ತಿರುಗುಮುರುಗೇ ವಿದೇಶದ ಕಥೆ. ಭಾರತದಲ್ಲಿ 63 ಟೆಸ್ಟ್, 350 ವಿಕೆಟ್, ಸರಾಸರಿ 25ರ ಒಳಗೆ. ಹೊರಗೆ 69 ಟೆಸ್ಟ್, 269 ವಿಕೆಟ್, ಸರಾಸರಿ 35ರ ಮೇಲೆ. ಗಟ್ಟಿ ಪಿಚ್‌ನಲ್ಲಿ ಪುಟಿತ ಜಾಸ್ತಿ, ಆದರೆ ಏರುಪೇರಿಲ್ಲ. 5 ಮೀಟರ್‌ಗೆ ಬಿದ್ದ ಚೆಂಡು ಸ್ಟಂಪಿನ ಮೇಲೆ ಹಾರುತ್ತೆ, ಎಲ್‌ಬಿಡಬ್ಲ್ಯು ಬಾಗಿಲು ಮುಚ್ಚುತ್ತೆ. ಪುಟಿತ ನಂಬಬಹುದು ಅಂತಾದರೆ ಬ್ಯಾಟ್ಸ್‌ಮನ್ ಹಿಂದಿನ ಕಾಲಿನಲ್ಲಿ ಆಡೋಕೆ ಶುರುಮಾಡ್ತಾನೆ. ಒಂದೇ ವೇಗದಲ್ಲಿ ಬರುವ ಬೌಲರ್ ಆಗ ಬೌಲಿಂಗ್ ಯಂತ್ರ ಇದ್ದ ಹಾಗೆ.

ಹಾಗಂತ 2003ಕ್ಕೂ ಮೊದಲು ಹೊರಗೆ ಏನೂ ಮಾಡಿರಲಿಲ್ಲ ಅಂತ ಬರೆಯಬೇಡಿ. 1992ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 53 ರನ್‌ಗೆ 6 ವಿಕೆಟ್. 1995ರಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಒಂದೇ ಋತುವಿನಲ್ಲಿ 105 ವಿಕೆಟ್, ಅದೂ ಇಂಗ್ಲೆಂಡಿನಲ್ಲಿ. 2002ರ ಲೀಡ್ಸ್ ಟೆಸ್ಟ್ ಗೆಲುವಿನಲ್ಲಿ 7.

---

ಬೆರಳು ಮತ್ತು ಹೊಲಿಗೆ:

ಎರಡನೇ ಪ್ರಶ್ನೆಗೆ ಬರ್ತೀನಿ, ಅದರ ಉತ್ತರ ಚೆಂಡಿನ ಹೊಲಿಗೆ (ಸೀಮ್) ಯಾವ ಕಡೆ ನೋಡುತ್ತೆ ಅನ್ನೋದರಲ್ಲಿದೆ.

ಬಲಗೈ ಬ್ಯಾಟ್ಸ್‌ಮನ್‌ಗೆ ಹಾಕುವಾಗ ಹೊಲಿಗೆ ಎರಡನೇ ಸ್ಲಿಪ್ ಕಡೆ ತಿರುಗಿ ಸುತ್ತಿದರೆ ಅದು ದೊಡ್ಡ ಲೆಗ್ ಬ್ರೇಕ್. ಕೀಪರ್ ಕಡೆ ನೇರ ಇದ್ದರೆ ಟಾಪ್ ಸ್ಪಿನ್ನರ್. ಲೆಗ್ ಸ್ಲಿಪ್ ಕಡೆ ಇದ್ದರೆ ಗೂಗ್ಲಿ, ಅಂದರೆ ಲೆಗ್ ಬ್ರೇಕ್‌ನ ಹಾಗೆ ಕಂಡು ಒಳಕ್ಕೆ ತಿರುಗುವ ಚೆಂಡು. ಕುಂಬ್ಳೆಯ ಮಾಮೂಲಿ ಎಸೆತದಲ್ಲಿ ಹೊಲಿಗೆ ಕೀಪರ್ ಮತ್ತು ಮೊದಲ ಸ್ಲಿಪ್ ನಡುವೆ ಇರುತ್ತಿತ್ತು. ಅಂದರೆ ಮುಕ್ಕಾಲು ಪಾಲು ಟಾಪ್ ಸ್ಪಿನ್, ಕಾಲು ಪಾಲು ಲೆಗ್ ಸ್ಪಿನ್. ಮಣಿಕಟ್ಟು ಪೂರ್ತಿ ಬಿಚ್ಚಿ ತಿರುವುವುದಕ್ಕಿಂತ ಬೆರಳಿನ ಬಲ ಹೆಚ್ಚು. ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ತೇಲುವುದು ಕಡಿಮೆ, ಕೊನೆಯಲ್ಲಿ ಥಟ್ಟನೆ ಇಳಿಯುವುದು ಜಾಸ್ತಿ. ಆರಂಭದಲ್ಲಿ ಮಧ್ಯಮ ವೇಗದ ಬೌಲರ್ ಆಗಿದ್ದವರು ಅನ್ನೋದು ಆ ಓಟದಲ್ಲಿ, ಕೊನೆಯ ಜಿಗಿತದಲ್ಲಿ ಗೊತ್ತಾಗುತ್ತಿತ್ತು.

ಅವರ ಇನ್ನೊಂದು ಎಸೆತ ಫ್ಲಿಪ್ಪರ್ ಇದಕ್ಕೆ ತದ್ವಿರುದ್ಧ. ಚೆಂಡನ್ನು ಹೆಬ್ಬೆರಳು ಒಂದು ಕಡೆ, ತೋರುಬೆರಳು-ನಡುಬೆರಳು ಇನ್ನೊಂದು ಕಡೆ ಇಟ್ಟು, ಚಿಟಿಕೆ ಹೊಡೆದ ಹಾಗೆ ಕೈಯಡಿಯಿಂದ ಹಿಂಡಿ ಬಿಡಬೇಕು. ಹಿಂದಕ್ಕೆ ಸುತ್ತುತ್ತಾ ಹೋಗುತ್ತೆ. ಹಿಮ್ಮುಖ ಸುತ್ತು ಚೆಂಡನ್ನು ಗಾಳಿಯಲ್ಲಿ ಸ್ವಲ್ಪ ಎತ್ತಿ ಹಿಡಿಯೋದರಿಂದ ಬ್ಯಾಟ್ಸ್‌ಮನ್‌ಗೆ ಮೊದಲು ಗಿಡ್ಡ ಚೆಂಡು ಅನ್ನಿಸುತ್ತೆ, ಪುಲ್‌ಗೆ ಕೈ ಎತ್ತುತ್ತಾನೆ. ಆದರೆ ಅದು ಅಂದುಕೊಂಡದ್ದಕ್ಕಿಂತ ಮುಂದೆ ಬಿದ್ದು ಏಳದೆ ಜಾರುತ್ತೆ. ಟಾಪ್ ಸ್ಪಿನ್ನರ್ ಅಂದುಕೊಂಡದ್ದಕ್ಕಿಂತ ಹಿಂದೆ ಬಿದ್ದು ಏಳುತ್ತೆ. ಎರಡರ ವೇಗ ಹೆಚ್ಚುಕಮ್ಮಿ ಒಂದೇ, ಓಟ ಒಂದೇ, ಬಿದ್ದ ಮೇಲಿನ ಎತ್ತರ ಮಾತ್ರ ಬೇರೆ. ಕುಂಬ್ಳೆ ಬ್ಯಾಟ್ಸ್‌ಮನ್‌ಗೆ ಕೊಟ್ಟ ತೊಂದರೆ ಎಡ-ಬಲದ್ದಲ್ಲ, ಮೇಲೆ-ಕೆಳಗಿನದು. "ತಿರುಗಿಸಲ್ಲ" ಅನ್ನುವವರು ಪಕ್ಕಕ್ಕೆ ನೋಡ್ತಿರ್ತಾರೆ.

ಈಗ 1999-2000ಕ್ಕೂ 2003-04ಕ್ಕೂ ನಡುವೆ ಆದದ್ದು. 2000ದಲ್ಲಿ ಬಲ ಭುಜಕ್ಕೆ ಶಸ್ತ್ರಚಿಕಿತ್ಸೆ. 2001ರ ಆರಂಭದ ಆಸ್ಟ್ರೇಲಿಯಾ ಸರಣಿ ತಪ್ಪಿತು (ಹರಭಜನ್ 32 ವಿಕೆಟ್ ತೆಗೆದದ್ದು ಅದರಲ್ಲೇ). ವಾಪಸ್ ಬಂದ ಮೇಲೆ ಹಳೆಯ ವೇಗದ ಎಸೆತಗಳನ್ನು ಬಿಡಲಿಲ್ಲ, ಅವುಗಳ ನಡುವೆ ನಿಧಾನದ ಎಸೆತಗಳನ್ನು ಸೇರಿಸಿಕೊಂಡರು. ಮುಖ್ಯವಾದದ್ದು ನಿಧಾನದ ಗೂಗ್ಲಿ. ಮೊದಲಿನ ಗೂಗ್ಲಿ ಲೆಗ್ ಬ್ರೇಕ್‌ನಷ್ಟೇ ವೇಗದ್ದು, ಸಣ್ಣದಾಗಿ ಒಳಬರುವಂಥದ್ದು, ತಿರುವು ತಪ್ಪಾಗಿ ಓದಿದರೂ ಬ್ಯಾಟ್ಸ್‌ಮನ್‌ಗೆ ಹೊತ್ತು ಸರಿಯಾಗಿರುತ್ತಿತ್ತು. ಹೊಸದು ಎತ್ತರಕ್ಕೆ ಹೋಗಿ ತಡವಾಗಿ ಇಳಿದು ಹೆಚ್ಚು ತಿರುಗುತ್ತಿತ್ತು. 90ಕ್ಕೆ ಹೊಂದಿಕೊಂಡ ಬ್ಯಾಟು ಅದಕ್ಕೆ ಮೊದಲೇ ಬಂದುಬಿಡುತ್ತೆ. ಗಟ್ಟಿ ಪಿಚ್‌ನಲ್ಲಿ ಪುಟಿತ ಏರುಪೇರಾಗಲ್ಲ ಅಂತ ಸ್ಕೋರರ್ ಪುಸ್ತಕ ಹೇಳಿದರಲ್ಲ, ಪಿಚ್ ಕೊಡದ ಏರುಪೇರನ್ನು ಗಾಳಿಯಲ್ಲೇ ತಂದುಕೊಂಡರು ಅನ್ನಿ. ಅಡಿಲೇಡ್‌ನಲ್ಲಿ 154ಕ್ಕೆ 5, ಮೆಲ್ಬರ್ನ್‌ನಲ್ಲಿ 176ಕ್ಕೆ 6, ಸಿಡ್ನಿಯಲ್ಲಿ 141ಕ್ಕೆ 8 ಮತ್ತು 138ಕ್ಕೆ 4.

---

ಮೂರನೇ ಅಂಪೈರ್:

ಗೂಗ್ಲಿ ಕಥೆ ಚೆನ್ನಾಗಿದೆ, ಆದರೆ ಸುಲಭದ ಕಾರಣ ಬಿಟ್ಟು ಸೂಕ್ಷ್ಮದ ಕಾರಣ ಹುಡುಕ್ತಿದ್ದೀರಿ. 1999-2000ರಲ್ಲಿ ಭಾರತ 3-0 ಸೋತಿತು, ಬೌಲರ್‌ಗಳ ಬೆನ್ನಿಗೆ ರನ್ನೇ ಇರಲಿಲ್ಲ. 2003-04ರಲ್ಲಿ ಅಡಿಲೇಡ್‌ನಲ್ಲಿ 523, ಸಿಡ್ನಿಯಲ್ಲಿ 7ಕ್ಕೆ 705 ಡಿಕ್ಲೇರ್. ಲೀಡ್ಸ್‌ನಲ್ಲಿ 8ಕ್ಕೆ 628. ಮುಲ್ತಾನ್‌ನಲ್ಲಿ ಕುಂಬ್ಳೆ 72ಕ್ಕೆ 6 ತೆಗೆದಾಗ ಹಿಂದೆ 5ಕ್ಕೆ 675 ಇತ್ತು, ಸೆಹ್ವಾಗ್ 309 ಹೊಡೆದಿದ್ದರು. 600 ರನ್ ಬೆನ್ನಿಗಿದ್ದರೆ ಕ್ಯಾಪ್ಟನ್ ಬ್ಯಾಟ್ ಸುತ್ತ ನಾಲ್ಕು ಜನರನ್ನು ನಿಲ್ಲಿಸ್ತಾನೆ, ಬೌಲರ್ ನಾಲ್ಕು ಬೌಂಡರಿ ಕೊಟ್ಟರೂ ಯಾರೂ ಕೇಳಲ್ಲ. ಬದಲಾಗಿದ್ದು ಬೌಲರ್ ಅಲ್ಲ, ಬ್ಯಾಟಿಂಗ್ ಸಾಲು.

ಇನ್ನೊಂದು. ಸಿಡ್ನಿಯಲ್ಲಿ 12 ವಿಕೆಟ್‌ಗೆ 279 ರನ್ ಕೊಟ್ಟರು. ಇದನ್ನು ಕುತ್ತಿಗೆ ಹಿಸುಕಿದ ಬೌಲಿಂಗ್ ಅನ್ನಲು ಆಗಲ್ಲ.

---

ಸ್ಕೋರರ್ ಪುಸ್ತಕ:

ಅರ್ಧ ಒಪ್ಪುತ್ತೇನೆ. ರನ್ ಬೆನ್ನಿಗಿದ್ದದ್ದು ದೊಡ್ಡ ಸಹಾಯ, ವಿಶೇಷವಾಗಿ ನಿಧಾನದ ಗೂಗ್ಲಿ ಹಾಕುವ ಧೈರ್ಯಕ್ಕೆ. ಅದು ತಪ್ಪಿದರೆ ಸಿಕ್ಸರ್‌ಗೆ ಹೋಗುವ ಚೆಂಡು.

ಆದರೆ 2006ರ ಜಮೈಕಾ ನೋಡಿ. ನಾಲ್ಕು ಇನಿಂಗ್ಸ್: ಭಾರತ 200, ವೆಸ್ಟ್ ಇಂಡೀಸ್ 103, ಭಾರತ 171, ವೆಸ್ಟ್ ಇಂಡೀಸ್ 219. ಕೊನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ 78ಕ್ಕೆ 6, ಭಾರತ 49 ರನ್‌ಗಳಿಂದ ಗೆದ್ದಿತು. 1971ರ ನಂತರ ಅಲ್ಲಿ ಮೊದಲ ಸರಣಿ ಜಯ. ಆ ಪಿಚ್‌ನಲ್ಲಿ ಪುಟಿತ ಸಿಕ್ಕಾಪಟ್ಟೆ ಏರುಪೇರಾಗುತ್ತಿತ್ತು, ಆಗ ಅವರು ಹಾಕಿದ್ದು ಹಳೆಯ ಕೋಟ್ಲಾ ಬೌಲಿಂಗೇ. ಪಿಚ್ ಕೊಡುತ್ತಿದ್ದರೆ ವೇಗ, ಕೊಡದಿದ್ದರೆ ಗಾಳಿ. 1999ರಲ್ಲಿ ಮೊದಲನೆಯದು ಮಾತ್ರ ಗಟ್ಟಿಯಾಗಿತ್ತು. 2007-08ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋದಾಗ ವಯಸ್ಸು 37, ನಾಯಕತ್ವದ ಹೊರೆ ಬೇರೆ. 4 ಟೆಸ್ಟ್‌ಗಳಲ್ಲಿ 20 ವಿಕೆಟ್, ಪರ್ತ್‌ನಲ್ಲಿ ಸೈಮಂಡ್ಸ್ 600ನೆಯವರು. ಆ ಸಲ 705 ಎಲ್ಲೂ ಇರಲಿಲ್ಲ.

ಸಂದರ್ಭ ಬಂದಿದ್ದಕ್ಕೆ ಒಂದು ಪಕ್ಕದ ಮಾತು. ಇಷ್ಟೊಂದು ಎಲ್‌ಬಿಡಬ್ಲ್ಯು ಪಡೆದವರಿಗೆ ಮರುಪರಿಶೀಲನೆ ವ್ಯವಸ್ಥೆ (ಡಿಆರ್‌ಎಸ್) ವರವಾಗುತ್ತಿತ್ತು ಅಂತಾರೆ. ಅದನ್ನು ಟೆಸ್ಟ್‌ನಲ್ಲಿ ಮೊದಲ ಸಲ ಪ್ರಯೋಗ ಮಾಡಿದ್ದು 2008ರ ಶ್ರೀಲಂಕಾ ಸರಣಿಯಲ್ಲಿ, ಭಾರತದ ನಾಯಕ ಕುಂಬ್ಳೆಯೇ. ಭಾರತ ಕೇಳಿದ ಮರುಪರಿಶೀಲನೆಗಳೆಲ್ಲ ಹೆಚ್ಚುಕಮ್ಮಿ ವಿಫಲವಾದವು. 

---

ಹಾಸನದ ಆಫ್‌ಸ್ಟಂಪ್:

ಎಲ್ಲರಿಗೂ ಧನ್ಯವಾದ. ಹಾಗಾದರೆ ಹುಡುಗನಿಗೆ ಏನು ಹೇಳಲಿ? ಫ್ಲಿಪ್ಪರ್ ಕಲೀಬೇಕು ಅಂತ ಕುಣೀತಿದ್ದಾನೆ. ನಮ್ಮಲ್ಲಿ ಅಭ್ಯಾಸ ಮ್ಯಾಟಿಂಗ್ ವಿಕೆಟ್ (ಚಾಪೆ ಹಾಸಿದ ಪಿಚ್) ಮೇಲೆ, ಪಂದ್ಯ ಕೆಲವೊಮ್ಮೆ ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಮೇಲೆ. ವೇಗ ಎಷ್ಟಿದೆ ಅಂತ ಅಳೆಯಲು ಯಂತ್ರ ಇಲ್ಲ.

---

ಅಳತೆಪಟ್ಟಿ:

ಯಂತ್ರ ಬೇಡ, ಫೋನ್ ಸಾಕು. ಪಕ್ಕದಲ್ಲಿ, ಬೌಲರ್‌ನ ಕೈಯೂ ಚೆಂಡು ಬೀಳುವ ಜಾಗವೂ ಎರಡೂ ಕಾಣುವ ಹಾಗೆ ಫೋನ್ ನಿಲ್ಲಿಸಿ ಸೆಕೆಂಡಿಗೆ 240 ಚೌಕಟ್ಟಿನ ನಿಧಾನ ಚಲನೆಯಲ್ಲಿ ವಿಡಿಯೊ ತೆಗೆಯಿರಿ. ಬ್ಯಾಟ್ಸ್‌ಮನ್ ಕಡೆಯ ಸ್ಟಂಪಿನಿಂದ 5 ಮೀಟರ್‌ಗೆ ಸುಣ್ಣದ ಗೆರೆ ಎಳೆಯಿರಿ. ಬೌಲರ್‌ನ ಪಾಪಿಂಗ್ ಕ್ರೀಸ್‌ನಿಂದ (ಮುಂಗಾಲು ದಾಟಬಾರದ ಗೆರೆ) ಆ ಸುಣ್ಣದ ಗೆರೆಗೆ ಸುಮಾರು 13.9 ಮೀಟರ್. ಕೈ ಬಿಟ್ಟ ಚೌಕಟ್ಟಿನಿಂದ ನೆಲ ಮುಟ್ಟಿದ ಚೌಕಟ್ಟಿನವರೆಗೆ ಎಣಿಸಿ. 172 ಬಂದರೆ ಗಂಟೆಗೆ 70 ಕಿ.ಮೀ., 150 ಬಂದರೆ 80, 133 ಬಂದರೆ 90. ಇದು ಗಾಳಿಯಲ್ಲಿನ ಸರಾಸರಿ ವೇಗ. ಟಿ.ವಿ.ಯಲ್ಲಿ ತೋರಿಸೋದು ಕೈಬಿಟ್ಟ ಕ್ಷಣದ್ದು, ಅದು ಸ್ವಲ್ಪ ಜಾಸ್ತಿ ಇರುತ್ತೆ. ಗೆರೆಗಿಂತ ಅರ್ಧ ಮೀಟರ್‌ಗಿಂತ ಹೆಚ್ಚು ಆಚೀಚೆ ಬಿದ್ದ ಎಸೆತಗಳನ್ನು ಲೆಕ್ಕಕ್ಕೆ ಹಿಡೀಬೇಡಿ.

15ಕ್ಕೆ 70-75 ಇದ್ದರೆ ಧಾರಾಳ. 90 ಮುಟ್ಟಿಸಲು ಹೋಗಬೇಡಿ. ಆ ವಯಸ್ಸಿನ ಬ್ಯಾಟ್ಸ್‌ಮನ್‌ನ ಕಾಲೂ ಅಷ್ಟು ಚುರುಕಿರಲ್ಲ, ಹಾಗಾಗಿ ಅದೇ ಲೆಕ್ಕ ಕಡಿಮೆ ವೇಗದಲ್ಲಿ ಕೂರುತ್ತೆ.

---

ಬೆರಳು ಮತ್ತು ಹೊಲಿಗೆ:

ಮ್ಯಾಟಿಂಗ್ ಬಗ್ಗೆ ಎಚ್ಚರ. ನಾರಿನ ಮ್ಯಾಟ್ ಚೆಂಡನ್ನು ಕಚ್ಚಿಕೊಂಡು ಎತ್ತುತ್ತೆ. ಟಾಪ್ ಸ್ಪಿನ್ ಹಾಕುವವನಿಗೆ ಅಲ್ಲಿ ಹಬ್ಬ, ಎಲ್ಲ ಚೆಂಡೂ ಎದೆಗೆ ಬರುತ್ತೆ. ಟರ್ಫ್‌ಗೆ ಬಂದ ದಿನ ಅದೇ ಉದ್ದದ ಚೆಂಡು ಸೊಂಟಕ್ಕೂ ಬರಲ್ಲ, ಹೊಡೆಸಿಕೊಳ್ತಾನೆ. ಮ್ಯಾಟ್ ಬಿಗಿಯಾಗಿ ಎಳೆದು ಮೊಳೆ ಹೊಡೆದಿರಬೇಕು. ಸಡಿಲ ಇದ್ದರೆ ಪುಟಿತ ಸುಳ್ಳು ಹೇಳುತ್ತೆ. ಟರ್ಫ್ ಪಂದ್ಯಕ್ಕೆ ಮುಂಚಿನ ವಾರ ಉದ್ದವನ್ನು ಅರ್ಧ ಮೀಟರ್ ಮುಂದಕ್ಕೆ, 4.5ಕ್ಕೆ ತನ್ನಿ.

ಅಭ್ಯಾಸ ಹೀಗೆ. ಚೆಂಡಿನ ಹೊಲಿಗೆಯ ಎರಡೂ ಬದಿಗೆ ಬೇರೆ ಬೇರೆ ಬಣ್ಣ ಬಳಿಯಿರಿ. ಟಾಪ್ ಸ್ಪಿನ್ನರ್ ಸರಿಯಾಗಿ ಬಿಟ್ಟರೆ ಎರಡೂ ಬಣ್ಣ ಹೊಲಿಗೆಯ ಆಚೀಚೆ ಸ್ಥಿರವಾಗಿ ಕಾಣುತ್ತೆ. ಬಣ್ಣ ಕಲಸಿ ಕಂಡರೆ ಹೊಲಿಗೆ ಅಲುಗಿದೆ. ಮೊದಲು ನಿಂತಲ್ಲೇ, 10 ಮೀಟರ್ ದೂರಕ್ಕೆ, ಓಟ ಇಲ್ಲದೆ 12 ಎಸೆತ. ಆಮೇಲೆ ಎರಡು ಹೆಜ್ಜೆ. ಆಮೇಲೆ ಪೂರ್ತಿ ಓಟ. ಗುರಿಗೆ ಸುಣ್ಣದಲ್ಲಿ 1 ಮೀಟರ್ ಉದ್ದ, 30 ಸೆಂ.ಮೀ. ಅಗಲದ ಪಟ್ಟಿ, ನಡು ಸ್ಟಂಪ್ ಮತ್ತು ಆಫ್ ಸ್ಟಂಪ್ ನೇರಕ್ಕೆ. 24ರಲ್ಲಿ 14 ಅಲ್ಲಿ ಬೀಳುವವರೆಗೆ ಎರಡನೇ ಬಗೆಯ ಎಸೆತದ ಮಾತು ಬೇಡ. ಕಟ್ಟುನಿಟ್ಟು ಅನ್ನಿಸಬಹುದು, ಆದರೆ ಉದ್ದ ಕೂರದ ವೇಗದ ಲೆಗ್ ಸ್ಪಿನ್ ಅಂದರೆ ನಿಧಾನದ ಮಧ್ಯಮ ವೇಗಿ, ಇನ್ನೇನಲ್ಲ.

ಎಲ್ಲಿ ಕೆಡುತ್ತೆ ಅಂದರೆ:

ವೇಗ ಬೇಕು ಅಂತ ಭುಜ ಬೀಳಿಸಿ ಪಕ್ಕದಿಂದ ಎಸೆಯೋದು. ವೇಗ 3-4 ಕಿ.ಮೀ. ಜಾಸ್ತಿ ಆಗುತ್ತೆ, ಪುಟಿತ ಸತ್ತೇಹೋಗುತ್ತೆ. ಅತ್ಯಂತ ಸಾಮಾನ್ಯ ತಪ್ಪು ಇದೇ.

ಚೆಂಡು ತಡವಾಗಿ ಬಿಡೋದು. ಹೊಲಿಗೆಯನ್ನು ಮೇಲಿಂದ ಎಳೆಯುವ ಭರದಲ್ಲಿ ಅರ್ಧ ಪಿಚ್‌ಗೆ ಬೀಳುತ್ತೆ. ತಲೆ ಮುಂಗಾಲಿನ ಮೇಲೆ ಬರುವ ಮುನ್ನ ಕೈ ಬಂದಿರುತ್ತೆ, ಅದು ಕಾರಣ.

ಮುಂಗಾಲು ಲೆಗ್ ಕಡೆಗೆ ಅಡ್ಡ ಬೀಳೋದು. ಸೊಂಟ ಮುಚ್ಚಿಕೊಂಡು ಎಲ್ಲ ಲೆಗ್ ಸ್ಟಂಪ್ ಹೊರಗೆ ಹೋಗುತ್ತೆ. ಅಲ್ಲಿ ಪಿಚ್ ಆದರೆ ಎಲ್‌ಬಿಡಬ್ಲ್ಯು ನಿಯಮವೇ ಕೊಡಲ್ಲ, ಇಡೀ ಉಪಾಯ ನೆಲಕಚ್ಚುತ್ತೆ.

ಫ್ಲಿಪ್ಪರ್ ಈಗ ಬೇಡ. ಕೈ ಸಣ್ಣದಿದ್ದರೆ ಚೆಂಡು ಜಾರಿ ಸೊಂಟದೆತ್ತರದ ಫುಲ್‌ಟಾಸ್ ಆಗುತ್ತೆ, ಹೆಬ್ಬೆರಳಿನ ಬುಡ ನೋಯುತ್ತೆ. ಕೈ ಕುಳಿತ ಮೇಲೆ ವರ್ಷ ಬಿಟ್ಟು ಟೆನಿಸ್ ಚೆಂಡಿನಲ್ಲಿ ಶುರುಮಾಡಲಿ. ಅದಕ್ಕಿಂತ ಮೊದಲು ಒಂದೇ ಹಿಡಿತದಲ್ಲಿ 8-10 ಕಿ.ಮೀ. ಕಡಿಮೆ ವೇಗದ ಎಸೆತ ಕಲಿಯಲಿ. ಕೈಯ ವೇಗ ತಗ್ಗಿಸಬಾರದು, ಬ್ಯಾಟ್ಸ್‌ಮನ್ ಕಂಡುಹಿಡೀತಾನೆ. ಚೆಂಡನ್ನು ಅಂಗೈ ಕಡೆಗೆ ಸ್ವಲ್ಪ ಒಳಗೆ ಹಿಡಿದು, ತುಸು ಮೊದಲೇ, ಕಣ್ಣಿನ ಮಟ್ಟಕ್ಕಿಂತ ಮೇಲಕ್ಕೆ ಬಿಡಬೇಕು. ಕೋಚ್ "ತೇಲಿಸು" ಅಂದದ್ದು ಈ ಅರ್ಥದಲ್ಲಾದರೆ ಅವರ ಮಾತೂ ಸರಿಯೇ.

---

ಭುಜದ ಲೆಕ್ಕ:

ಒಬ್ಬರೂ ಹೊರೆಯ ಮಾತು ಎತ್ತಲಿಲ್ಲ. ಕುಂಬ್ಳೆ ಟೆಸ್ಟ್‌ನಲ್ಲೇ ಹಾಕಿದ್ದು 40,850 ಎಸೆತ, ಮುರಳೀಧರನ್ ಬಿಟ್ಟರೆ ಅದಕ್ಕಿಂತ ಹೆಚ್ಚು ಯಾರೂ ಹಾಕಿಲ್ಲ. 271 ಏಕದಿನ ಪಂದ್ಯಗಳದ್ದು ಬೇರೆ. ಸ್ಪಿನ್ನರ್ ಅಂದರೆ ಭುಜಕ್ಕೆ ಕೆಲಸ ಇಲ್ಲ ಅಂತ ನಂಬಿದವರು ಬಹಳ. ತಲೆಗೆ ತಾಗುವಷ್ಟು ನೇರವಾಗಿ, ವೇಗವಾಗಿ ಬರುವ ಕೈ ಭುಜದ ಕೀಲನ್ನು ವೇಗದ ಬೌಲರ್‌ನ ಹಾಗೇ ಸವೆಸುತ್ತೆ. ವೇಗದ ಬೌಲರ್ ಶ್ರೀನಾಥ್ 1997ರಲ್ಲಿ ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು) ಪೆಟ್ಟಿನಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು, ಮೂರು ವರ್ಷಕ್ಕೆ ಕುಂಬ್ಳೆಯೂ ಶಸ್ತ್ರಚಿಕಿತ್ಸೆಗೆ ಹೋದರು.

15ರ ಹುಡುಗನಿಗೆ ನನ್ನ ಮಿತಿ: ನೆಟ್‌ನಲ್ಲಿ ದಿನಕ್ಕೆ 8 ಓವರ್, ವಾರಕ್ಕೆ 4 ದಿನ, ಸತತ ಎರಡು ದಿನಕ್ಕಿಂತ ಹೆಚ್ಚಿಲ್ಲ. ಪಂದ್ಯ ಇದ್ದ ವಾರ ನೆಟ್ ಅರ್ಧ. ಬೌಂಡರಿಯಿಂದ ಜೋರಾಗಿ ಎಸೆಯುವುದನ್ನೂ ಲೆಕ್ಕಕ್ಕೆ ಸೇರಿಸಿ, ಅದು ಭುಜಕ್ಕೆ ಬೌಲಿಂಗ್‌ಗಿಂತ ಕೆಟ್ಟದ್ದು.

ವ್ಯಾಯಾಮ: ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಕೆಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ (ನಡುವೆ ಮಡಿಸಿದ ಟವೆಲ್ ಇಟ್ಟರೆ ಕೈ ಅಗಲಲ್ಲ), ಮುಂಗೈಯನ್ನು ಹೊರಕ್ಕೆ ನಿಧಾನವಾಗಿ ಎಳೆಯೋದು. 15ರಂತೆ 3 ಸಲ, ವಾರಕ್ಕೆ ಮೂರು ದಿನ. ವಾಪಸ್ ಬರುವಾಗ ಇನ್ನೂ ನಿಧಾನ, ಏಕೆಂದರೆ ಚೆಂಡು ಬಿಟ್ಟ ಮೇಲೆ ಕೈಗೆ ಬ್ರೇಕ್ ಹಾಕೋದು ಅದೇ ಸ್ನಾಯುಗಳು.

ನಿಲ್ಲಿಸಬೇಕಾದ ಲಕ್ಷಣ: ಕೈಯನ್ನು ಪಕ್ಕದಿಂದ ಎತ್ತುವಾಗ ಕೆಳಗೆ ನೋವಿಲ್ಲ, ತಲೆಯ ಮೇಲೂ ನೋವಿಲ್ಲ, ನಡುವೆ 60ರಿಂದ 120 ಡಿಗ್ರಿಯಲ್ಲಿ ಮಾತ್ರ ಚುಚ್ಚುತ್ತೆ ಅಂದರೆ ಅಥವಾ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗ್ತಿಲ್ಲ ಅಂದರೆ. ಮುಲಾಮು ಹಚ್ಚಿ ಆಡಿಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದರಲ್ಲ ಅಂತ ಉದಾಹರಣೆ ಕೊಡುವವರು ಬಂದೇ ಬರ್ತಾರೆ. ಅದು ದವಡೆ, ಭುಜ ಅಲ್ಲ. ಮಾರನೇ ದಿನ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಮಾನ ಹತ್ತುವವರಿದ್ದರು.

---

ಮೂರನೇ ಅಂಪೈರ್:

ಭುಜದ ಲೆಕ್ಕ ಅವರ ಮಾತಿಗೆ ನನ್ನದೊಂದು ಸಹಿ. ಇನ್ನೊಂದು ಸಂದೇಹ: ಚಂದ್ರಶೇಖರ್ ಕೂಡ ವೇಗದ ಲೆಗ್ ಸ್ಪಿನ್ನರೇ ತಾನೆ, ನಮ್ಮವರೇ. ಹುಡುಗನಿಗೆ ಅವರ ಹಳೆಯ ವಿಡಿಯೊ ತೋರಿಸಿದರೆ?

---

ಬೆರಳು ಮತ್ತು ಹೊಲಿಗೆ:

ನೋಡಿ ಸಂತೋಷಪಡಲಿ, ಅನುಕರಿಸೋದು ಬೇಡ. ಪೋಲಿಯೊದಿಂದ ಸಣ್ಣಗಾದ ಬಲಗೈ ಚಾಟಿಯ ಹಾಗೆ ಬರುತ್ತಿತ್ತು. ಗೂಗ್ಲಿಯೇ ಅವರ ಮಾಮೂಲಿ ಎಸೆತ, ಲೆಗ್ ಬ್ರೇಕ್ ಅಪರೂಪದ್ದು. 58 ಟೆಸ್ಟ್, 242 ವಿಕೆಟ್, 1971ರ ಓವಲ್‌ನ 38ಕ್ಕೆ 6, ಎಲ್ಲವೂ ಆ ಒಂದು ಕೈಗೆ ಮಾತ್ರ ಸಾಧ್ಯವಾದದ್ದು. ಕುಂಬ್ಳೆಯದರಲ್ಲಿ ಕದಿಯಲು ಏನಾದರೂ ಇದೆ: ಎತ್ತರದ ಕೈ, ನೇರ ಹೊಲಿಗೆ, 5 ಮೀಟರ್.

---

ಹಾಸನದ ಆಫ್‌ಸ್ಟಂಪ್:

ಭಾನುವಾರ ಮ್ಯಾಟ್ ಬಿಗಿ ಮಾಡಿಸಿ ಸುಣ್ಣದ ಪಟ್ಟಿ ಎಳೆಸ್ತೀನಿ. 24ರಲ್ಲಿ ಎಷ್ಟು ಬಿತ್ತು ಅಂತ ಇಲ್ಲೇ ಹಾಕ್ತೀನಿ, ಚೌಕಟ್ಟಿನ ಲೆಕ್ಕದ ಜೊತೆ.